ಏಳನ್ನು ಒತ್ತಿ

ರಾತ್ರಿ ಯಾರನ್ನೂ ಕೇಳದೆ ಕಂಪ್ಯೂಟರು ಹೊಸದಾಗಿದೆ.
ಬೆಳಿಗ್ಗೆ ಗುತ್ತಲು ರಸ್ತೆಯ ಷಟರ್ ಎತ್ತಿ, ಮೆಟ್ಟಿಲು ಹತ್ತಿ
ನೋಡಿದರೆ ಪರದೆಯ ತುಂಬ ಯಾವುದೋ ದೇಶದ ಹಿಮದ ಬೆಟ್ಟ,
ಮೂಲೆಯಲ್ಲಿ ನಗುವ ಅಕ್ಷರ: ಎಲ್ಲ ಸಿದ್ಧವಾಗಿದೆ.

ಸಿದ್ಧವಾಗಿಲ್ಲದ್ದು ಒಂದೇ.
ಎಂಟು ಕಿಂಡಿಯ ನನ್ನ ನೀಲಿ ಪೆಟ್ಟಿಗೆ,
ಹದಿನಾರು ವರ್ಷ ಮೈಕಿನ ಮಾತನ್ನು
ಯಂತ್ರಕ್ಕೆ ತಿಳಿಯಹೇಳಿದ ದುಭಾಷಿ,
ಕಣ್ಣಲ್ಲಿ ಹಸಿರಿಲ್ಲದೆ ಕೂತಿದೆ.
ಹೆಸರಿನ ಪಕ್ಕ ಹಳದಿ ತ್ರಿಕೋನ,
ಡ್ರೈವರ್ ಇಲ್ಲ.

ಅದನ್ನು ಮಾಡಿದ ಕಂಪನಿಯೇ ಇಲ್ಲ. ಯಾರಿಗೆ ಬರೆಯಲಿ ಕಾಗದ.

ಚಿಕ್ಕತಾಯಮ್ಮ ಆಗಲೇ ಬೆಂಚಿನ ಮೇಲೆ,
ಕೆರಗೋಡಿನ ಮೊದಲ ಬಸ್ಸಿಗೆ ಬಂದವಳು.
ಸೋಬಾನೆ ಮೂವತ್ತೆರಡು, ರಾಗಿ ಬೀಸುವ ಪದ ಹನ್ನೊಂದು
ಎಲ್ಲ ಬಾಯಲ್ಲಿ, ಜೊತೆಗೆ ಎಲೆಯಡಿಕೆ.
"ಏನಂತದವ್ವ ಅದು?"
ಹಳೇ ಪೆಟ್ಟಿಗೆ ಗುರುತು ಸಿಗ್ತಿಲ್ವಂತೆ, ಅಂದೆ.
"ಮನೆಗೆ ಸುಣ್ಣ ಹೊಡುದ್ರು ಅಂತ
ಮಂಚಾನೆ ಆಚ್ಗೆ ನೂಕ್ದಂಗಾಯ್ತು."

ಶಫೀವುಲ್ಲಾ ಸೌಂಡ್ಸಿಗೆ ಫೋನು.
ಅವನು ಏನನ್ನಾದರೂ ಎಸೆದ ದಾಖಲೆ ಇಲ್ಲ.
ಬಿಸ್ಕತ್ತಿನ ಡಬ್ಬದಿಂದ ಬಂತು ಗೀರು ಬಿದ್ದ ಸಿಡಿ,
ಅದನ್ನು ಓದಲು ನನ್ನ ಯಂತ್ರಕ್ಕೆ ಬಾಯಿಲ್ಲ;
ಅವನ ತಮ್ಮನ ಲ್ಯಾಪ್‌ಟಾಪಿಗೆ ಬಾಯಿತ್ತು, ಪೆನ್‌ಡ್ರೈವಿನಲ್ಲಿ ಜಾಗವಿರಲಿಲ್ಲ,
ಯಾರದೋ ಮದುವೆಯ ಫೋಟೊ ಅಳಿಸಿ, ಕೇಳಿಯೇ ಅಳಿಸಿದ್ದು,
ಹನ್ನೆರಡೂವರೆಗೆ ಡ್ರೈವರು ಮೆಟ್ಟಿಲು ಹತ್ತಿದ.

ಒಳಗೆ ಬಿಡಲಿಲ್ಲ.
ಇದಕ್ಕೆ ಅಧಿಕೃತ ಸಹಿ ಇಲ್ಲವಂತೆ, ಓದಿ ಹೇಳಿದೆ.
ಚಿಕ್ಕತಾಯಮ್ಮ ತನ್ನ ಹೆಬ್ಬೆರಳನ್ನೊಮ್ಮೆ ನೋಡಿಕೊಂಡಳು,
ಸೊಸೈಟಿಯ ನೀಲಿ ಇನ್ನೂ ಉಗುರಿನ ಸಂದಿಯಲ್ಲಿ.

ಶಿಫ್ಟ್ ಹಿಡಿದು ಮತ್ತೆ ಶುರು ಮಾಡಿ ಮೇಡಂ, ಅಂದ ಶಫೀವುಲ್ಲಾ,
ಸಾಲಾಗಿ ಅಂಕಿ ಬರ್ತವೆ.
ಸಹಿ ಇಲ್ಲದವರನ್ನೂ ಬಿಡೋಕೆ ಏಳು.
ಏಳು?
ಏಳು.
ಬೆಂಚಿನಿಂದ ಎದ್ದೇಬಿಟ್ಟಳು ಮುದುಕಿ, "ಆಯ್ತಾ?" ಅಂತ.

ಏಳನ್ನು ಒತ್ತಿದೆ. ಪೆಟ್ಟಿಗೆಯೂ ಎದ್ದಿತು,
ಮೊದಲು ಕೆಂಪು, ಆಮೇಲೆ, ಯೋಚಿಸಿ, ಹಸಿರು.

ಆದರೂ ಹುರಿಗಾಳು ಸಿಡಿದಂತೆ ಚಟಪಟ.
ಬಫರ್ ಏರಿಸಿದೆ, ನೂರಿಪ್ಪತ್ತೆಂಟು, ಇನ್ನೂರೈವತ್ತಾರು,
ಸಾವಿರದಿಪ್ಪತ್ತನಾಲ್ಕಕ್ಕೆ ಸದ್ದಡಗಿತು; ಬದಲಿಗೆ
ಹಾಡಿದ್ದು ಕಿವಿಗೆ ಮರಳುವಾಗ ಒಂದು ಹೆಜ್ಜೆ ತಡ.
ಈ ತಡದಲ್ಲಿ ಯಾರೂ ಹಾಡಲಾರರು, ನನಗೆ ಗೊತ್ತು,
ಆರ್ಕೆಸ್ಟ್ರಾದ ಹುಡುಗರು ಹೆಡ್‌ಫೋನು ಕಿತ್ತೆಸೆಯುತ್ತಾರೆ.

ಅವಳು ಮೊದಲ ಸೊಲ್ಲು ಹಾಡಿ ನಿಂತಳು.
"ಹಿಂದ್ಗಡೆ ಯಾರೋ ಹೇಳ್ತಾವ್ರಲ್ಲವ್ವ."
ಅದು ನೀವೇ, ತಡವಾಗಿ ಬರ್ತಿದೆ, ತಾಳಿ, ಸರಿಮಾಡ್ತೀನಿ.
"ನಾನಲ್ಲ ಕಣವ್ವ. ದೊಡ್ನಿಂಗಮ್ಮ ಹಿಂಗೇಯ.
ನಲ್ವತ್ ವರ್ಸ ಜೊತೇಲಿ ಹೇಳುದ್ಲು,
ಒಂದ್ಸಲನೂ ಸರ್ಯಾಗಿ ಎತ್ಕೊಳ್ಳಿಲ್ಲ,
ನಾ ಮುಗ್ಸೊ ಹೊತ್ಗೆ ಅವ್ಳು ಬತ್ತಿದ್ಲು.
ಬುಡು, ಹಂಗೇ ಇರ್ಲಿ."

ಮೌಸಿನ ಮೇಲಿಂದ ಕೈ ತೆಗೆದೆ.
ಹನ್ನೊಂದು ಪದ. ಪ್ರತಿ ಸೊಲ್ಲಿನ ತುದಿಯಲ್ಲೂ
ಒಂಚೂರು ಕಾದಳು, ಬಾಗಿಲಲ್ಲಿ ನಿಂತು
ಚಪ್ಪಲಿ ಹುಡುಕುವವಳನ್ನು ಕಾಯುವ ಹಾಗೆ.

ರೆಕಾರ್ಡಿನಲ್ಲಿ ಆ ಇನ್ನೊಬ್ಬಳಿಲ್ಲ.
ಕಾದದ್ದು ಮಾತ್ರ ಇದೆ.

ರಸೀದಿಗೆ ಹೆಬ್ಬೆಟ್ಟೊತ್ತಿ ನಾಲ್ಕೂವರೆ ಬಸ್ಸಿಗೆ ಹೋದಳು.
ಸೋಬಾನೆ ಮೂವತ್ತೆರಡೂ ಬಾಕಿ, ನಾಳೆ ಬರುತ್ತಾಳೆ.
ಆರಿಸಿದರೆ ಯಂತ್ರ ಏಳನ್ನು ಮರೆಯುತ್ತದಂತೆ.
ಸ್ವಿಚ್ಚಿಗೆ ಟೇಪು ಅಂಟಿಸಿ ಬರೆದೆ: ಮುಟ್ಟಬೇಡಿ.
ಕಿಟಕಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಏಳಕ್ಕೆ ಕರೆಂಟು ಹೋಯಿತು.
ಯುಪಿಎಸ್ಸು ಕತ್ತಲಲ್ಲಿ ಕೀಂ ಎಂದಿತು, ಸ್ವಲ್ಪ ಬಿಟ್ಟು
ಮತ್ತೆ ಕೀಂ. ನಾನು ಪಕ್ಕದಲ್ಲಿ ಕೂತೆ.